ಕೊಕ್ಕರೆ ಹೆಜ್ಜೆ

"ಗುರುಗಳೇ, ಒಬ್ಬರ ಕುಣಿತವನ್ನು ಮೊಬೈಲಿನಲ್ಲಿ ನೋಡಿ ನಾಡೇ ಕುಣಿಯುತ್ತದೆ. ಮೊದಲು ಕಟ್ಟಿದವರನ್ನು ನೆನೆಯದಿದ್ದರೆ ಅವರಿಗೇನು ನಷ್ಟ? ಅವರ ಕುಣಿತ ಅವರ ಬಳಿಯೇ ಉಳಿದಿರುತ್ತದಲ್ಲವೆ?" ಎಂದು ಮರುಳಸಿದ್ಧ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕುಣಿತಗಾರನಿದ್ದ. ಅವನ ವಿಡಿಯೊಗಳನ್ನು ಯಾರೂ ನೋಡುತ್ತಿರಲಿಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ, ಅಳುವ ತಂಗಿಯನ್ನು ನಗಿಸಲು ಕೊಕ್ಕರೆಯಂತೆ ಒಂಟಿ ಕಾಲೆತ್ತಿ, ಕತ್ತು ಕೊಂಕಿಸಿ, ಹಿಂದಕ್ಕೆ ಕುಪ್ಪಳಿಸುವುದನ್ನು ಕಂಡ.

"ಯಾರು ಕಲಿಸಿದರಮ್ಮ?" ಎಂದ.

"ಯಾರೂ ಇಲ್ಲಣ್ಣ, ನಾನೇ ಕಟ್ಟಿದ್ದು," ಎಂದವಳು ಅವನಿಗೂ ಖುಷಿಯಿಂದ ಕಲಿಸಿಕೊಟ್ಟಳು.

ಅವನು ಅದನ್ನು ಕುಣಿದು ಮೊಬೈಲಿಗೆ ಹಾಕಿದ. ಮದುವೆ ಮನೆಗಳಲ್ಲಿ, ಕಾಲೇಜುಗಳಲ್ಲಿ ಜನ ಕೊಕ್ಕರೆ ಹೆಜ್ಜೆ ಹಾಕತೊಡಗಿದರು. ಟಿವಿಯವರು ಕರೆದು, ಇದು ಹೇಗೆ ಹುಟ್ಟಿತು ಎಂದು ಕೇಳಿದರು. ಹುಡುಗಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹಾಗೇ ಹೊಳೆಯಿತು," ಎಂದುಬಿಟ್ಟ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದ. ನಾಲಿಗೆ ತಡವರಿಸಲಿಲ್ಲ.

ಒಂದು ಶಾಲೆಯವರು ಮಕ್ಕಳ ಸ್ಪರ್ಧೆಗೆ ಅವನನ್ನು ತೀರ್ಪುಗಾರನಾಗಿ ಕರೆದರು. ವೇದಿಕೆಗೆ ಬಂದವಳು ಅದೇ ಹುಡುಗಿ. ಅವನನ್ನು ಕಂಡು ಅವಳ ಮುಖ ಅರಳಿತು. ಕಾಲೆತ್ತಿ ಕುಣಿಯತೊಡಗಿದಳು. ಪಕ್ಕದಲ್ಲಿದ್ದ ಶಿಕ್ಷಕಿ ತಡೆದು, "ಇದು ಸರ್ ಅವರ ಹೆಜ್ಜೆ. ಕದ್ದು ಕುಣಿಯಬಾರದು, ಮಗು," ಎಂದರು. ಸಭೆ ನಕ್ಕಿತು. ಅವನು ನಿಜ ಹೇಳುತ್ತಾನೆಂದು ಹುಡುಗಿ ಅವನನ್ನೇ ನೋಡುತ್ತ ನಿಂತಳು. ಅವನ ಕಿವಿ ಸುಟ್ಟುಹೋದಂತಾಯಿತು. ತಲೆ ಎತ್ತಲಾಗದೆ ಮುಂದಿದ್ದ ಲೋಟದ ನೀರು ಕುಡಿದ. ಲೋಟ ಕೆಳಗಿಡುವಷ್ಟರಲ್ಲಿ ಅವಳು ಇಳಿದುಹೋಗಿದ್ದಳು.

ಅವನಿಗೆ ಅನ್ನ ಸೇರಲಿಲ್ಲ. ಮರುದಿನ ಮೊಬೈಲಿನ ಮುಂದೆ ಕೂತು, "ಇದು ನನ್ನದಲ್ಲ, ಒಬ್ಬಳು ಹುಡುಗಿ ಕಲಿಸಿದ್ದು," ಎಂದು ಅತ್ತ. ಲಕ್ಷಾಂತರ ಜನ ನೋಡಿದರು. ಎಂಥ ದೊಡ್ಡ ಮನಸ್ಸು ಎಂದು ಅವನನ್ನೇ ಇನ್ನಷ್ಟು ಹೊಗಳಿದರು. ಆ ಹೊಗಳಿಕೆ ಅವನಿಗೆ ಮುಖದ ಮೇಲೆ ಉಗಿದಂತಿತ್ತು.

ಶಾಲೆಯಲ್ಲಿ ವಿಚಾರಿಸಿಕೊಂಡು ಅವಳ ಮನೆಗೆ ಹೋದ. ಬಾಗಿಲಲ್ಲಿ ನಿಂತಾಗ ಒಳಗೆ ತಂಗಿ ರಚ್ಚೆ ಹಿಡಿದಿತ್ತು. "ಅಕ್ಕಾ, ಕೊಕ್ಕರೆ ಕುಣಿಯೇ."

"ನಂಗೆ ಅದು ಬರಲ್ಲ ಕಣೇ," ಎಂದಳು ಹುಡುಗಿ.

ಅವನು ಕರೆಯದೆ ಹಿಂದಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಕಣ್ಣು ಒದ್ದೆಯಾಗಿತ್ತು. "ಪಾಪ, ಆ ಕುಣಿತಗಾರ ಆಮೇಲೆ ಏನಾದ ಗುರುಗಳೇ?" ಎಂದ.

"ನೀನೂ ಅವನನ್ನೇ ಕೇಳಿದೆ, ಆ ಹುಡುಗಿಯ ಹೆಸರೇನೆಂದು ಕೇಳಲಿಲ್ಲ."