ಎಡಗೈ ಗಿಟಾರಿನ ಬಸ್ತ್ಯಾಂವ

ಬಹಳ ಹಿಂದಿನ ಮಾತು. ಫೋನೆಂಬುದು ಅಂಗೈಯಷ್ಟೇ ಇದ್ದ ಕಾಲ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ಕುದ್ರು. ಸುತ್ತಲೂ ನೀರು, ನಡುವೆ ನಾಲ್ಕಾರು ಮನೆ. ಅಲ್ಲಿ ಬಸ್ತ್ಯಾಂವ ಎಂಬ ದೋಣಿಯವನಿದ್ದನಂತೆ. ಜನರನ್ನು ಆಚೆ ದಾಟಿಸುವುದು, ಈಚೆ ತರುವುದು, ಅಷ್ಟೇ ಅವನ ಬದುಕು. ಮಾತು ಕಡಿಮೆ, ಹಠ ಜಾಸ್ತಿ.

ಒಂದು ದಿನ ದೋಣಿ ಹತ್ತಿದ ಯಾರೋ ಫೋನಿನಲ್ಲಿ ಒಂದು ವಿಡಿಯೊ ಹಾಕಿದರಂತೆ. ದೂರದ ಸ್ಪೇನಿನ ಒಬ್ಬ ಅಜ್ಜಿ ಗಿಟಾರು ಹಿಡಿದು ಫ್ಲಮೆಂಕೊ ಎಂಬ ಅಲ್ಲಿಯ ಸಂಗೀತ ಕಲಿಸುತ್ತಿದ್ದಳು. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ತಂತಿಯ ಮೇಲೆ ಎಸೆಯುತ್ತಿದ್ದಳು. ಮಳೆ ಬಂತೇನೋ ಎಂದು ಬಸ್ತ್ಯಾಂವ ಮೇಲೆ ನೋಡಿದನಂತೆ. ಅವತ್ತು ದೋಣಿ ದಡ ಮುಟ್ಟಿದ್ದೇ ಅವನಿಗೆ ಗೊತ್ತಾಗಲಿಲ್ಲ ಅಂತಾರೆ.

ಇಗರ್ಜಿಯ ಅಟ್ಟದಲ್ಲಿ ಧೂಳು ಹಿಡಿದಿದ್ದ ಗಿಟಾರನ್ನು ಕೇಳಿ ತಂದ. ಹರಿದ ತಂತಿಗಳ ಜಾಗಕ್ಕೆ ಮೀನಿನ ಗಾಳದ ಕಂಗೂಸು ದಾರ ಬಿಗಿದ. ಆದರೆ ಕುದ್ರುವಿನಲ್ಲಿ ಸಿಗ್ನಲ್ ಎಲ್ಲಿತ್ತು? ಹೊಳೆ ನಡುವಿನ ಮರಳದಿಬ್ಬದ ಮೇಲೆ ಸಿಗುತ್ತಿತ್ತು, ಆ ದಿಬ್ಬವೋ ಇಳಿತದ ಹೊತ್ತಿಗಷ್ಟೇ ತಲೆ ಎತ್ತುತ್ತಿತ್ತು. ನೀರಿಳಿದರೆ ಪಾಠ, ನೀರೇರಿದರೆ ರಜೆ.

ನಗಬೇಡಿ, ಇನ್ನೂ ಇದೆ. ಅವನು ತನ್ನ ಫೋನನ್ನು ಎದುರಿಗೆ ಒರಗಿಸಿಟ್ಟು, ಕನ್ನಡಿ ನೋಡಿದ ಹಾಗೆ ನೋಡಿ ಕಲಿತ. ಅವಳ ಬಲಗೈ ಇವನ ಎಡಗೈಯ ನೇರಕ್ಕೆ ಕಂಡಿತು. ಇವನು ಎಡಗೈಯಲ್ಲೇ ಬಾರಿಸಿದ. ತಂತಿಗಳನ್ನೂ ಅದಕ್ಕೆ ತಕ್ಕಂತೆ ತಿರುಗಿಸಿ ಕಟ್ಟಿದ. ಉಣ್ಣುವುದು ಬಲಗೈ, ಶಿಲುಬೆ ಗುರುತು ಹಾಕುವುದು ಬಲಗೈ, ಗಿಟಾರಿಗೆ ಮಾತ್ರ ಎಡಗೈ!

ಪ್ರತಿ ಪಾಠದ ಕೊನೆಗೆ ಅಜ್ಜಿ ತಂತಿಗಳ ಮೇಲೆ ಅಂಗೈಯಿಟ್ಟು, ಇವನಿಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ, ತಲೆ ಓರೆ ಮಾಡಿ ಸುಮ್ಮನೆ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಇವನು ಬಾರಿಸುತ್ತಿದ್ದ. ಆಮೇಲೆ ಅವಳು ನಗುತ್ತಿದ್ದಳು. ತಪ್ಪಿದರೂ ಅದೇ ನಗು, ಸರಿಯಾದರೂ ಅದೇ ನಗು. ಅದು ಅವನಿಗೂ ಗೊತ್ತಿತ್ತು. ಆದರೂ ಒಂದೇ ಒಂದು ಸಲ ಅವಳು ನಿಜವಾಗಿ ತನ್ನನ್ನು ಕೇಳಬೇಕು ಎಂಬ ಆಸೆ ಎದೆಯಲ್ಲಿ ಮನೆ ಮಾಡಿತು. ಅನ್ನ ರುಚಿಸದಷ್ಟು ಆಸೆ ಅಂತಾರೆ.

ವರ್ಷಗಳು ಉರುಳಿದವು. ಇಗರ್ಜಿಗೆ ಬಂದ ಹೊಸ ಪಾದ್ರಿಗೆ ಆ ಭಾಷೆ ಬರುತ್ತಿತ್ತು. ಬಸ್ತ್ಯಾಂವ ಅವರನ್ನು ದಿಬ್ಬಕ್ಕೆ ಕರೆದೊಯ್ದು, ಅಜ್ಜಿ ಏನು ಹೇಳುತ್ತಾಳೆಂದು ಕೇಳಿದ. ಈಗ ನೀನು ಬಾರಿಸು, ನಾನು ಕೇಳುತ್ತೇನೆ ಎನ್ನುತ್ತಾಳೆ ಎಂದರು ಪಾದ್ರಿ. ಬಸ್ತ್ಯಾಂವನ ಮುಖ ಅರಳಿತು. ಹಾಗಾದರೆ ತಾನು ಬಾರಿಸಿದ್ದನ್ನು ಅವಳಿಗೆ ಕಳಿಸಿಕೊಡಿ ಎಂದು ಬೇಡಿಕೊಂಡ. ಪಾದ್ರಿ ವಿಡಿಯೊದ ಕೆಳಗೆ ಜನ ಬರೆದದ್ದನ್ನು ಓದಿ ಹೇಳಿದರು. ಇವನು ಗಿಟಾರು ಮುಟ್ಟುವ ಮೊದಲೇ ಅವಳು ತೀರಿಕೊಂಡಿದ್ದಳು.

ನೀರೇರತೊಡಗಿತು. ಪಾದ್ರಿ ಹೊರಡೋಣ ಎಂದರು. ಇವನು ಫೋನನ್ನು ಎದುರಿಗಿಟ್ಟು ಪಾಠ ಹಾಕಿದ.

"ಕೇಣ್ತೆ ಅಂತ್ರ್ ಅಂದಿರಲ್ದಾ ಫಾದರ್? ಕಾಯ್ತಾ ಇಪ್ಪವ್ರನ್ ಬಿಟ್ಟ್ ಹ್ಯಾಂಗ್ ಬಪ್ಪುದ್?"

ಅಳುತ್ತಲೇ ಬಾರಿಸಿದ. ಅವನು ಮುಗಿಸುವ ತನಕ ಉಬ್ಬರ ತಡೆದು ನಿಂತಿತು ಅಂತಾರೆ. ಸೊಂಟದ ತನಕ ನೆನೆದಿದ್ದ ಅನ್ನುವವರೂ ಇದ್ದಾರೆ. ನಿಮಗೆ ಬೇಕಾದ್ದನ್ನು ನಂಬಿ.

ಮುಂದೆ ಕುದ್ರುವಿನವರು ಅವನ ಹತ್ತಿರ ಕಲಿಯಲು ಬಂದರು. ಅವರನ್ನೆಲ್ಲ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಎದುರಿನ ಜಾಗ ಅಜ್ಜಿಯದು ಎನ್ನುತ್ತಿದ್ದನಂತೆ.

ಈಗ ಅವನಿಲ್ಲ. ಆ ದಿಬ್ಬವನ್ನೂ ಕಡಲು ತಿಂದುಹಾಕಿದೆ. ಆದರೆ ಇವತ್ತಿಗೂ ಕುದ್ರುವಿನಲ್ಲಿ ಗಿಟಾರು ಹಿಡಿದವರೆಲ್ಲ ಎಡಗೈಯಲ್ಲೇ ಬಾರಿಸುತ್ತಾರೆ. ಎದುರಿಗೆ ಒಂದಾಳು ಕೂರುವಷ್ಟು ಜಾಗ ಖಾಲಿ ಬಿಡುತ್ತಾರೆ. ಬಾರಿಸಿ ಮುಗಿದ ಮೇಲೆ ತಂತಿಗಳ ಮೇಲೆ ಅಂಗೈಯಿಟ್ಟು, ಆ ಜಾಗವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂರುತ್ತಾರೆ. ಮದುವೆ ಮನೆಯಾದರೂ ಅಷ್ಟೇ, ಎಷ್ಟೇ ಅವಸರವಿದ್ದರೂ ಅಷ್ಟೇ. ಅಲ್ಲಿಯವರೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.