ಮಗ್ಗುಲಾಗಿ ಮಲಗಿದ ಕರು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ದೊಡ್ಡದೇನಲ್ಲ: ಒಂದು ಗದ್ದುಗೆ, ಒಂದು ದಾಸೋಹದ ಮನೆ, ಅದರ ಹಿಂದೆ ಹಂಚು ಹೊದಿಸಿದ ಉದ್ದನೆಯ ಪಶುಶಾಲೆ.

ಗದ್ದುಗೆಗೆ ಕೈಮುಗಿಯಲು ಬರುವವರಿಗಿಂತ ಪಶುಶಾಲೆಗೆ ಬರುವವರೇ ಹೆಚ್ಚು. ಅಲ್ಲಿ ಅಡಿವೆಮ್ಮನವರಿದ್ದರು. ಹರೆಯದಲ್ಲಿ ಪಶುವೈದ್ಯ ಕಲಿತು, ನಡುವಯಸ್ಸಿನಲ್ಲಿ ಸರಕಾರಿ ಕೆಲಸ ಬಿಟ್ಟು, ಕಾವಿ ಉಡದೆಯೇ ಆಶ್ರಮ ಸೇರಿದವರು. ಎಲ್ಲರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು.

ಅವ್ವನ ಬಗ್ಗೆ ಒಂದು ಕಥೆಯಿತ್ತು. ಒಮ್ಮೆ ಹುಚ್ಚೆದ್ದ ಹೋರಿಯೊಂದರ ಹಣೆಯ ಮೇಲೆ ಕೈಯಿಟ್ಟರಂತೆ. ಮದ್ದಿಲ್ಲದೆಯೇ ಹೋರಿ ಮಲಗಿತಂತೆ. ಹುಣ್ಣಾದ ಕೊಂಬನ್ನು ಕೊಯ್ದು ಮುಗಿಸುವ ತನಕ ಕಣ್ಣು ತೆರೆಯಲಿಲ್ಲವಂತೆ.

ಇದನ್ನು ಕಂಡವರು ಈವರೆಗೆ ಒಬ್ಬರೂ ಸಿಕ್ಕಿಲ್ಲ. ಕೇಳಿದವರು ಮಾತ್ರ ಹೊಳೆಯ ಎರಡೂ ದಂಡೆಗಳಲ್ಲಿದ್ದಾರೆ.

ಆ ಕಥೆ ಕೇಳಿಯೇ ಇಂದುಧರ ಬಂದ. ಪಶುವೈದ್ಯ ಕಾಲೇಜಿನಲ್ಲಿ ಪಾಸಾದವನು, ಕೈ ಚುರುಕು, ಓದು ಅದಕ್ಕಿಂತ ಚುರುಕು. ಅವ್ವನ ಶಿಷ್ಯನಾಗಿ ನಿಂತ ಮೂರನೆಯ ದಿನವೇ ಅವನೊಂದು ವಿಷಯ ಗಮನಿಸಿದ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ನಾಯಿಯೊಂದು ಮದ್ದಿನ ನಿದ್ದೆಗೆ ಜಾರುತ್ತಿದ್ದಂತೆ ಅವ್ವ ಬಾಗಿ ಅದರ ಕಿವಿಯ ಬಳಿ ಏನನ್ನೋ ಪಿಸುಗುಟ್ಟುತ್ತಿದ್ದರು. ಅದು ನಿದ್ದೆಯ ಮಂತ್ರವೆಂದು ಊರವರು ನಂಬಿದ್ದರು.

ಇಂದುಧರ ಮೆಲ್ಲನೆ ಹತ್ತಿರ ಸರಿದು ಕಿವಿಗೊಟ್ಟ.

"ಹನ್ನೆರಡು, ಹದಿಮೂರು, ಹದಿನಾಲ್ಕು" ಎನ್ನುತ್ತಿದ್ದರು ಅವ್ವ.

"ಅವ್ವಾ, ಮಂತ್ರ ಇದೇ ಏನು?"

"ಇದೇ. ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಿದ್ದೇನೆ."

"ಇದರಿಂದ ನಾಯಿಗೆ ನಿದ್ದೆ ಬರುತ್ತದೆಯೇ?"

"ನಾಯಿಗೆ ನಿದ್ದೆ ಬರುವುದು ಚುಚ್ಚುಮದ್ದಿನಿಂದ. ಇದರಿಂದ ನನಗೆ ನಿದ್ದೆ ಬರುವುದಿಲ್ಲ" ಎಂದು ಅವ್ವ ಮತ್ತೆ ಒಂದರಿಂದ ಎಣಿಸತೊಡಗಿದರು.

ಇಂದುಧರನಿಗೆ ತುಸು ನಿರಾಸೆಯಾಯಿತು. ಆದರೂ ಉಳಿದ.

ಒಂದೂವರೆ ವರ್ಷದಲ್ಲಿ ಅವನು ಇನ್ನೂರಕ್ಕೂ ಹೆಚ್ಚು ನಾಯಿಗಳಿಗೆ ಶಸ್ತ್ರಕ್ರಿಯೆ ಮಾಡಿದ. ಗರ್ಭಚೀಲ ತೆಗೆದ, ಗಂಟು ತೆಗೆದ, ಬೈಕಿಗೆ ಸಿಕ್ಕು ಮುರಿದ ಕಾಲು ಕೂಡಿಸಿದ. ಕೆಲಸ ಮುಗಿದ ಮೇಲೆ ನಾಯಿಯನ್ನು ಗೋಣಿತಟ್ಟಿನ ಮೇಲೆ ಬಲಮಗ್ಗುಲಿಗೆ ಮಲಗಿಸುವುದು, ಕತ್ತು ನೀಳವಾಗಿ ಚಾಚುವುದು, ನಾಲಿಗೆ ಹೊರಗೆ ಎಳೆದಿಡುವುದು. ಇಷ್ಟನ್ನೂ ಅವನ ಕೈ ಅವನನ್ನು ಕೇಳದೆಯೇ ಮಾಡುವಷ್ಟು ರೂಢಿಯಾಯಿತು.

ಒಂದು ಬೆಳಿಗ್ಗೆ ಫಕೀರವ್ವ ಎಂಬ ಮುದುಕಿ ಕೆಂಪು ಕರುವೊಂದನ್ನು ಹಿಡಿದುಕೊಂಡು ಬಂದಳು. ನಾಲ್ಕು ತಿಂಗಳ ಹೆಣ್ಣುಗರು, ಹೆಸರು ಕೆಂಚಿ. ಹೊಕ್ಕುಳ ಬಳಿ ತೆಂಗಿನಕಾಯಿಯಷ್ಟು ದಪ್ಪದ ಉಬ್ಬು. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಕರುಳು ಮತ್ತೆ ಇಳಿಯುತ್ತಿತ್ತು.

"ನಿನ್ನೆ ಹೇಳಿದೆನಲ್ಲ, ಹರ್ನಿಯಾ. ಒಳಗೆ ತಳ್ಳಿ ಹೊಲಿಯಬೇಕು" ಎಂದ ಇಂದುಧರ.

"ಹೊಲೀರಿ. ನಿನ್ನೆ ಬಂದಾಗ, ಮೇವು ಬಿಡಿಸಿ ನಾಳೆ ಬರ್ರಿ ಅಂದಿದ್ರಿ. ಬಂದೀನಿ."

"ನಿನ್ನೆಯಿಂದ ಏನೂ ತಿನ್ನಿಸಿಲ್ಲ ತಾನೇ, ದೊಡ್ಡವ್ವಾ?"

"ಅದಕ್ಕೂ ಹಾಕಿಲ್ಲ, ನಾನೂ ಉಂಡಿಲ್ಲ. ಅದರ ಮುಂದ ಕುಂತು ನಾ ಹೆಂಗ ರೊಟ್ಟಿ ಮುರೀಲಿ, ಸಣ್ಣ ಡಾಕ್ಟ್ರೇ?"

ಅವಳ ಮನೆಯಲ್ಲಿ ಇದ್ದ ಜೀವವೆಂದರೆ ಅದೊಂದೇ ಎಂದು ಅವ್ವ ಆಮೇಲೆ ಹೇಳಿದರು. ತಾಯಿಹಸು ಹೋದ ತಿಂಗಳು ಹಾವು ಕಚ್ಚಿ ಸತ್ತಿತ್ತು.

"ಇದನ್ನು ನೀನೇ ಮಾಡು" ಎಂದು ಅವ್ವ ಮುನ್ನಾದಿನವೇ ಹೇಳಿದ್ದರು. "ನನ್ನ ಕೈ ಈಗೀಗ ನಡುಗುತ್ತದೆ."

ಇಂದುಧರನ ಮೊದಲ ಕರು ಅದು. ಹಿಂದಿನ ದಿನವೆಲ್ಲ ಅವನು ಪುಸ್ತಕ ಬಿಟ್ಟು ಎದ್ದಿರಲಿಲ್ಲ. ನಿದ್ದೆಯ ಮದ್ದನ್ನು ನಾಯಿಯ ಅಳತೆಯಲ್ಲಿ ಕರುವಿಗೆ ಕೊಟ್ಟರೆ ಅದು ಮತ್ತೆ ಏಳುವುದಿಲ್ಲ, ತೂಕಕ್ಕೆ ತಕ್ಕಂತೆ ನಾಯಿಗೆ ಕೊಡುವುದರ ಹತ್ತನೆಯ ಒಂದು ಪಾಲು ಸಾಕು. ಆ ಸಾಲಿನ ಕೆಳಗೆ ಅವನು ಕೆಂಪು ಶಾಯಿಯಲ್ಲಿ ಎರಡು ಸಲ ಗೆರೆ ಎಳೆದಿದ್ದ.

ಅವ್ವ ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಅಕ್ಷರ ಓದಿದರು. ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದರು.

"ಸರಿಯಾಗಿದೆ" ಎಂದರು.

ಕೆಂಚಿ ಮೊದಲು ತಲೆ ಬಾಗಿಸಿತು. ಆಮೇಲೆ ಮೊಣಕಾಲೂರಿತು. ಆಮೇಲೆ, ಗದ್ದುಗೆಯ ಮುಂದೆ ಭಕ್ತರು ಒರಗುವ ಹಾಗೆ, ಸದ್ದಿಲ್ಲದೆ ಒರಗಿತು. ಫಕೀರವ್ವ ಅದರ ಕತ್ತು ತಬ್ಬಿ ಕೂತಿದ್ದಳು.

"ದೊಡ್ಡವ್ವಾ, ನೀವು ಹೊರಗಿರಿ. ಇಲ್ಲಿ ನಿಮ್ಮ ಕೆಲಸವೇನೂ ಇಲ್ಲ" ಎಂದ ಇಂದುಧರ.

ಅವಳು ಹೊರಗೆ ಹೋದಳು. ಹೊಕ್ಕುಳ ಸುತ್ತ ಜೋಮು ಹಿಡಿಸುವ ಮದ್ದು ಹಾಕಿ, ಕರು ನೋಯದೆ ಮಲಗಿದೆಯೆಂದು ಖಾತ್ರಿಯಾದ ಮೇಲೆ ಅವ್ವನೂ ಎದ್ದರು.

"ಇನ್ನು ನೀನು ನೋಡಿಕೊ" ಎಂದು ಹೋದರು.

ಇಂದುಧರ ಕರುವನ್ನು ಅಂಗಾತ ಮಲಗಿಸಿ ಕಟ್ಟಿ ಕೊಯ್ದ. ಕರುಳನ್ನು ನವಿರಾಗಿ ಒಳಗೆ ಸೇರಿಸಿದ. ಮಾಂಸದ ಅಂಚಿಗೆ ಅಂಚು ಕೂಡಿಸಿ ಹೊಲಿದ. ಅದರ ಮೇಲೆ ಚರ್ಮವನ್ನು ಹೊಲಿದ. ಹೊಲಿಗೆಯೆಂದರೆ ಹೊಲಿಗೆ: ಒಂದಕ್ಕೊಂದು ಅಳೆದಿಟ್ಟಂತೆ. ಅವನೇ ಒಂದು ಗಳಿಗೆ ನಿಂತು ನೋಡಿದ.

ಕಟ್ಟು ಬಿಚ್ಚಿದ. ಗೋಣಿತಟ್ಟು ಹಾಸಿದ. ಕರುವನ್ನು ಬಲಮಗ್ಗುಲಿಗೆ ಮಲಗಿಸಿದ. ಕತ್ತು ಚಾಚಿದ, ನಾಲಿಗೆ ಹೊರಗೆ ಎಳೆದಿಟ್ಟ. ಉಸಿರು ಎಣಿಸಿದ. ಸರಿಯಿತ್ತು.

ಹೊರಗೆ ಬಂದು ಫಕೀರವ್ವನಿಗೆ ಹೇಳಿದ: "ಮುಗಿಯಿತು, ದೊಡ್ಡವ್ವಾ. ಇನ್ನೊಂದು ತಾಸಿಗೆ ಎದ್ದು ನಿಲ್ಲುತ್ತದೆ."

ಅವಳು ಅವನ ಕೈಹಿಡಿದು ಕಣ್ಣಿಗೊತ್ತಿಕೊಂಡಳು.

ಅವನು ದಾಸೋಹದ ಮನೆಗೆ ಹೋದ. ಮಜ್ಜಿಗೆ ಕುಡಿದ. ಅಡುಗೆಯವನು ಕೇಳಿದ್ದಕ್ಕೆ ಹೊಲಿಗೆಯ ವಿಚಾರ ಹೇಳಿದ. ಅವನು ಕೇಳದಿದ್ದುದನ್ನೂ ಹೇಳಿದ. ಎರಡನೆಯ ಲೋಟ ಕೈಯಲ್ಲಿದ್ದಾಗ ಪಶುಶಾಲೆಯಿಂದ ಕೂಗು ಬಂತು.

"ಇಂದುಧರಾ!"

ಒಂದೂವರೆ ವರ್ಷದಲ್ಲಿ ಅವ್ವ ದನಿ ಎತ್ತಿದ್ದನ್ನು ಅವನು ಕೇಳಿರಲಿಲ್ಲ. ಲೋಟ ಎಲ್ಲಿ ಬಿತ್ತೆಂದು ನೋಡದೆ ಓಡಿದ.

ಕರುವಿನ ಎಡಪಕ್ಕೆ ನಗಾರಿಯಂತೆ ಉಬ್ಬಿ ನಿಂತಿತ್ತು. ಉಸಿರು ಬರುತ್ತಿರಲಿಲ್ಲ, ನರಳಿಕೆ ಬರುತ್ತಿತ್ತು. ಬಾಯಿಂದ ಜೊಲ್ಲು ಇಳಿದು ಮೂಗಿನ ಬಳಿ ಮಡುಗಟ್ಟಿತ್ತು. ನಾಲಿಗೆ ನೀಲಿಗೆ ತಿರುಗಿತ್ತು.

ಅವನಿಗೆ ಆ ಪುಟ ಕಣ್ಣಮುಂದೆ ಬಂತು. ಕೆಂಪು ಗೆರೆಯ ಸಾಲಿನಿಂದ ನಾಲ್ಕು ಸಾಲು ಕೆಳಗೆ ಇನ್ನೊಂದು ಸಾಲಿತ್ತು. ಮೆಲುಕು ಹಾಕುವ ಪ್ರಾಣಿಯನ್ನು ಮಗ್ಗುಲಾಗಿ ಮಲಗಿಸಿ ಬಿಡಬಾರದು, ಹೊಟ್ಟೆಯ ಗಾಳಿ ಹೊರಬರಲು ದಾರಿಯಿರದೆ ಉಬ್ಬಿ, ಉಸಿರನ್ನೇ ಒತ್ತುತ್ತದೆ, ಎದೆಯೂರಿ ಕೂರಿಸಬೇಕು. ಅದನ್ನೂ ಅವನು ಓದಿದ್ದ. ಗೆರೆ ಎಳೆದಿರಲಿಲ್ಲ, ಅಷ್ಟೇ.

"ಎಚ್ಚರದ ಮದ್ದು ಕೊಡಲೇ ಅವ್ವಾ?"

"ಮೊದಲು ಉಸಿರಿಗೆ ಜಾಗ. ಎಚ್ಚರ ಆಮೇಲೆ. ಎತ್ತು!"

ಅವನು ಎತ್ತಲು ಹೋದ. ಕಾಲುಗಳು ಕಟ್ಟಿಗೆಯಂತೆ ಚಾಚಿಕೊಂಡಿದ್ದವು. ಅಷ್ಟರಲ್ಲಿ ಕೂಗು ಕೇಳಿ ಫಕೀರವ್ವ ನುಗ್ಗಿ ಬಂದಳು. ಒಂದು ಮಾತು ಕೇಳಲಿಲ್ಲ. ಮುಂಗಾಲು ಎರಡನ್ನೂ ಮಡಿಸಿ ಕರುವಿನ ಎದೆಯಡಿಗೆ ಸೇರಿಸಿದಳು, ಮೊಣಕಾಲನ್ನು ಅದರ ಪಕ್ಕೆಗೆ ಆನಿಸಿದಳು, "ಹ್ಞೂಂ" ಎಂದು ಒಂದೇ ಸಲಕ್ಕೆ ಎಬ್ಬಿಸಿ ಕೂರಿಸಿದಳು.

ಇಂದುಧರ ಎರಡೂ ಕಡೆ ಹುಲ್ಲಿನ ಹೊರೆ ಒತ್ತಿಟ್ಟ. ಮೂತಿ ತಗ್ಗಿಸಿದ. ಮಡುಗಟ್ಟಿದ್ದ ಜೊಲ್ಲು ದಾರದಂತೆ ಹರಿದುಹೋಯಿತು.

ಹೊಟ್ಟೆ ಮಾತ್ರ ಇಳಿಯಲಿಲ್ಲ.

"ನಳಿಗೆ" ಎಂದರು ಅವ್ವ.

ಇಂದುಧರ ಕರುವಿನ ಹಲ್ಲುಗಳ ನಡುವೆ ತೂತಿರುವ ಮರದ ತುಂಡು ಕೊಟ್ಟು, ಅದರ ತೂತಿನಿಂದ ರಬ್ಬರ್ ನಳಿಗೆಯನ್ನು ಗಂಟಲಿಗೆ ಇಳಿಸಿದ. ನಳಿಗೆ ಶ್ವಾಸನಾಳಕ್ಕೆ ಹೋದರೆ ಕರು ಅಲ್ಲಿಗೇ ಮುಗಿಯಿತು.

"ಕತ್ತಿನ ಎಡಕ್ಕೆ ಬೆರಳಿಡು. ನಳಿಗೆ ಕೈಗೆ ಸಿಗುತ್ತಿದೆಯೇ?"

"ಸಿಗುತ್ತಿದೆ."

"ಹಾಗಾದರೆ ಅನ್ನನಾಳದಲ್ಲೇ ಇದೆ. ಇಳಿಸು."

ಇಳಿಸಿದ. ಇನ್ನೂ ಇಳಿಸಿದ.

ಬುಸ್ಸೆಂದು ಗಾಳಿ ಬಂತು. ಬಂತೆಂದರೆ ಬಂದೇ ಬಂತು. ಹುಳಿತ ಹುಲ್ಲಿನ ನಾತ ಕೋಣೆಯ ಮೂಲೆಮೂಲೆಗೆ ಹೊಕ್ಕಿತು. ಹುಟ್ಟಿದಾರಭ್ಯ ಅಷ್ಟು ಒಳ್ಳೆಯ ವಾಸನೆಯನ್ನು ಇಂದುಧರ ಮೂಸಿರಲಿಲ್ಲ.

"ಯವ್ವಾ, ಏನು ನಾತ!" ಎಂದು ಫಕೀರವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು.

ನಗಾರಿ ಇಳಿಯಿತು. ನರಳಿಕೆ ನಿಂತು ಉಸಿರಾಯಿತು. ನಾಲಿಗೆಗೆ ಬಣ್ಣ ಮರಳಿತು. ಅವ್ವ ಬಾಗಿ ಹೊಕ್ಕುಳ ಕೆಳಗೆ ಕೈಯಾಡಿಸಿದರು.

"ಹೊಲಿಗೆ ಗಟ್ಟಿಯಾಗಿ ನಿಂತಿದೆ" ಎಂದರು.

ಮುಂಜಾನೆಯಾಗಿದ್ದರೆ ಆ ಮಾತಿಗೆ ಅವನು ಬೀಗುತ್ತಿದ್ದ. ಈಗ ಅದು ಬೇರೆ ಯಾರದೋ ಕೆಲಸದಂತೆ ಕೇಳಿಸಿತು. ನಳಿಗೆ ತೆಗೆದು, ಎಚ್ಚರದ ಮದ್ದು ಕೊಟ್ಟು, ಅವನು ಕರುವಿನ ಗದ್ದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ತುಟಿಗಳು ತಮ್ಮಷ್ಟಕ್ಕೆ ತಾವು ಉಸಿರು ಎಣಿಸುತ್ತಿದ್ದವು.

ಇಪ್ಪತ್ತು ನಿಮಿಷ ಕಳೆದ ಮೇಲೆ ಕೆಂಚಿ ಕಿವಿ ಆಡಿಸಿತು. ಆಮೇಲೆ, ಯಾರ ಸಹಾಯವೂ ಇಲ್ಲದೆ, ಉದ್ದನೆಯ ಒಂದು ತೇಗು ತೇಗಿತು.

ಫಕೀರವ್ವ ಕೈಮುಗಿದಳು. "ಸತ್ತಿದ್ದು ಎದ್ದು ಬಂತು ನನ್ನ ತಾಯಿ. ಸಣ್ಣ ಡಾಕ್ಟ್ರು ದೇವರಾಗಿ ಬಂದ್ರು."

ಇಂದುಧರ ಆ ಮಾತನ್ನು ಹಾಗೆಯೇ ಬಿಟ್ಟುಬಿಡಬಹುದಿತ್ತು. ಅವ್ವ ಅವನತ್ತ ನೋಡಲೂ ಇಲ್ಲ.

"ಇಲ್ಲ ದೊಡ್ಡವ್ವಾ. ಉಬ್ಬಿದ್ದೇ ನನ್ನಿಂದ. ನಾಯಿಯನ್ನು ಮಲಗಿಸಿದ ಹಾಗೆ ಮಗ್ಗುಲಾಗಿ ಮಲಗಿಸಿ ಹೋಗಿದ್ದೆ."

ಮುದುಕಿ ಮುಗಿದ ಕೈ ಬಿಟ್ಟಳು.

"ನಾಯಿ ಹಂಗ?"

"ಹೌದು."

"ದನ ಮಗ್ಗಲಾಗಿ ಬಿದ್ರ ಎಬ್ಬಿಸಿ ಕೂಡ್ರಸಬೇಕು ಅಂತ ನಮ್ಮ ಓಣಿ ಹುಡುಗರಿಗೂ ಗೊತ್ತೈತಿ. ನಿಮ್ಮ ಪುಸ್ತಕದಾಗ ಬರೆದಿಲ್ಲೇನು?"

"ಬರೆದಿತ್ತು."

"ಮತ್ತ?"

"ಓದಿದ್ದೆ."

"ಓದಿದ್ರಂತ!" ಎಂದು ಅವಳು ಅವ್ವನ ಕಡೆ ತಿರುಗಿದಳು. "ಕೇಳಿದ್ರೇನವ್ವಾ? ಇಲ್ಲಿ ನಿಮ್ಮ ಕೆಲಸ ಏನೂ ಇಲ್ಲ ಅಂತ ನನ್ನ ಹೊರಗ ಹಾಕಿದ್ರು ಇವರು. ಒಳಗ ಇಟ್ಟುಕೊಂಡಿದ್ರ ನಾನೇ ಹೇಳ್ತಿದ್ದೆ."

"ನಿಜ" ಎಂದರು ಅವ್ವ.

"ನಿಜ" ಎಂದ ಇಂದುಧರನೂ.

ಇಬ್ಬರೂ ಒಪ್ಪಿದ ಮೇಲೆ ಬೈಯಲು ಏನು ಉಳಿಯಿತು? ಫಕೀರವ್ವ ಇನ್ನೆರಡು ಮಾತು ಆಡಿ, ಕರುವಿನ ಬೆನ್ನು ಸವರುತ್ತ, ಹಸಿವಾಗಿದೆಯೆಂದಳು. ದಾಸೋಹದ ಮನೆಯಿಂದ ಇಂದುಧರನೇ ರೊಟ್ಟಿ ತಂದುಕೊಟ್ಟ. ಅವಳು ಅರ್ಧ ಮುರಿದು ಅವನ ಕೈಗಿಟ್ಟಳು.

"ತಗೊಳ್ರಿ. ಮುಖ ಬಿಳಿಚೈತಿ ನಿಮ್ಮದು."

ಮಧ್ಯಾಹ್ನ ಇಳಿಯುವಷ್ಟರಲ್ಲಿ ಕೆಂಚಿ ನಾಲ್ಕೂ ಕಾಲೂರಿ ನಿಂತು, ಅತ್ತಿತ್ತ ತೂಗಾಡಿ, ಅವನ ಅಂಗಿಯ ಚುಂಗು ಜಗಿಯತೊಡಗಿತು. ಅವನು ಬಿಡಿಸಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಆಶ್ರಮದ ತುಂಬ ಮಾತು ಹಬ್ಬಿತ್ತು. ಅವ್ವ ಧ್ಯಾನಕ್ಕೆ ಕೂತಿದ್ದರಂತೆ. ಕರುವಿನ ಸಂಕಟ ಅವರ ಎದೆಯಲ್ಲಿ ಮಿಡಿಯಿತಂತೆ. ಕಣ್ಣು ಮುಚ್ಚಿಕೊಂಡೇ ಎದ್ದು ಬಂದರಂತೆ.

ಅವ್ವ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಇಂದುಧರ ಎರಡು ಮೆಟ್ಟಿಲು ಕೆಳಗೆ ಕೂತ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಈಗ ಇಳಿದಿತ್ತು. ಆದರೆ ಕೇಳಬೇಕಾದದ್ದೊಂದು ಉಳಿದಿತ್ತು.

"ಅವ್ವಾ, ಇನ್ನೈದು ನಿಮಿಷ ತಡವಾಗಿದ್ದರೆ ಕರು ಉಳಿಯುತ್ತಿರಲಿಲ್ಲ. ನೀವು ಸರಿಯಾದ ಗಳಿಗೆಗೆ ಬಂದಿರಿ. ನಿಮಗೆ ಹೇಗೆ ತಿಳಿಯಿತು?"

"ತಿಳಿಯಲಿಲ್ಲ."

"ನಾನು ತಪ್ಪು ಮಾಡುತ್ತೇನೆಂದು ಮೊದಲೇ ಗೊತ್ತಿದ್ದು, ಪಾಠವಾಗಲೆಂದು ಬಿಟ್ಟಿರೋ?"

ಅವ್ವ ಅವನನ್ನು ದಿಟ್ಟಿಸಿದರು.

"ಅದೊಂದು ಜೀವ, ತಮ್ಮಾ. ಅದರ ಮೇಲೆ ನಿನಗೆ ಪಾಠ ಬರೆಯುವಷ್ಟು ಕೆಟ್ಟವಳಲ್ಲ ನಾನು. ಹೇಗೆ ಮಲಗಿಸುತ್ತೀಯೆಂದು ಕೇಳಿ ಹೋಗಬೇಕಿತ್ತು. ಕೇಳಲಿಲ್ಲ. ತಪ್ಪಿನಲ್ಲಿ ನನ್ನದೂ ಪಾಲಿದೆ."

"ಹಾಗಾದರೆ ಬಂದದ್ದು ಏಕೆ?"

"ಬಾಟಲಿ ಓದಲು ಕನ್ನಡಕ ಹಾಕಿಕೊಂಡಿದ್ದೆನಲ್ಲ, ಅದನ್ನು ಕಿಟಕಿಯಲ್ಲೇ ಮರೆತು ಹೋಗಿದ್ದೆ. ತೆಗೆದುಕೊಂಡು ಹೋಗೋಣವೆಂದು ಬಂದೆ."

"ಅಷ್ಟೇ?"

"ಅಷ್ಟೇ."

ಹೊಳೆ ಹರಿಯುತ್ತಿತ್ತು. ಇಂದುಧರನಿಗೆ ಮೊದಲು ನಗು ಬಂತು. ಆಮೇಲೆ ಮೈ ಜುಮ್ಮೆಂದಿತು.

"ನೀವು ಮರೆಯದೇ ಹೋಗಿದ್ದರೆ, ಅವ್ವಾ?"

ಅವ್ವ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

"ಇನ್ನು ಮುಂದೆ ಯಾವ ಕರುವಿನ ಜೀವವೂ ಒಬ್ಬ ಮುದುಕಿಯ ಮರೆವನ್ನು ನೆಚ್ಚಿಕೊಂಡಿರದ ಹಾಗೆ ನೋಡಿಕೊ."