ಕಣಿಹಾಳದ ಸೇತುವೆ ಪೆಟ್ಟಿಗೆ

"ಕಣಿಹಾಳದ ಪ್ರಜೆಗಳೇ, ಇದು ತಿಮ್ಮಭೂಪ ದೊರೆಗಳ ಅಪ್ಪಣೆ. ಪಂಪ್‌ಹೌಸಿನ ಸೇತುವೆ ಪೆಟ್ಟಿಗೆ ಮಾತು ಬಿಟ್ಟಿದೆ. ಅದನ್ನು ಮಾತಾಡಿಸುತ್ತೇನೆ ಎನ್ನುವವರು ಮೊದಲು ರಾಜಕುಮಾರಿ ಹಿರಿದೇವಿಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಕೇಳಿದ್ದೊಂದನ್ನು ಕೊಡಲಾಗುವುದು. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುವುದು."

ಡಂಗುರದವನು ಇದನ್ನು ಸಾರುತ್ತಿದ್ದುದು ಎಂಟನೆಯ ದಿನ. ಗಂಟಲು ಒಣಗಿತ್ತು, ಒದ್ದೆ ಮಾಡಿಕೊಳ್ಳಲು ಊರಲ್ಲಿ ನೀರಿರಲಿಲ್ಲ.

ಕಣಿಹಾಳ ಗುಡ್ಡದ ಮೇಲಿನ ಊರು, ಕೆರೆ ಕೆಳಗೆ. ನೀರೆತ್ತುವ ಹನ್ನೆರಡು ಪಂಪುಗಳು ದೊರೆಯ ತಾತನ ಕಾಲದವು. ಅವು ಸೀರಿಯಲ್ ತಂತಿಯ ಮೇಲೆ, ಒಂದೊಂದೇ ಅಕ್ಷರವಾಗಿ, ನಿಧಾನವಾಗಿ ಮಾತಾಡುತ್ತಿದ್ದವು. ಹೋದ ತಿಂಗಳು ಅರಮನೆಗೆ ಹೊಸ ಕಂಪ್ಯೂಟರು ಬಂದಾಗ ಅದರ ನೆಟ್‌ವರ್ಕಿನ ಮಾತು ಇವಕ್ಕೆ ತಿಳಿಯಲಿಲ್ಲ. ಆಗ ಎರಡರ ನಡುವೆ ಒಂದು ತಗಡಿನ ಪೆಟ್ಟಿಗೆ ಕೂರಿಸಿದರು. ಇತ್ತ ಕೇಳಿ ಅತ್ತ ಹೇಳುವುದು ಅದರ ಕೆಲಸ, ಹೇಗೆ ಹೇಳಬೇಕೆಂದು ನಾವು ಮೊದಲು ಕಲಿಸಬೇಕು. ಇನ್ನೇನು, ಎಲ್ಲ ಸರಿಹೋಯಿತೆಂದು ಪಂಪುಗಳನ್ನು ಕೈಯಿಂದ ತಿರುಗಿಸುವ ಹಿಡಿಗಳನ್ನು ಗುಜರಿಗೆ ಹಾಕಿದರು. ದೊಡ್ಡವರ ಬುದ್ಧಿ ಯಾವಾಗಲೂ ಹೀಗೇ.

ಹನ್ನೊಂದು ದಿನದ ಹಿಂದೆ ಕರೆಂಟು ಆಮೇಲೆ ಮೊದಲ ಸಲ ಒಂದು ಗಳಿಗೆ ಹೋಗಿ ಬಂತು. ಪೆಟ್ಟಿಗೆ ಯಾರ ಗುರುತನ್ನೂ ಹಿಡಿಯಲಿಲ್ಲ, ಪಂಪುಗಳು ನಿಂತವು. ಪೆಟ್ಟಿಗೆ ಕೂರಿಸಿದ ಮುದಿ ಮಿಸ್ತ್ರಿ ಮೌಲಾಸಾಬನನ್ನು ದೊರೆ ಹಿಡಿದು ತರಿಸಿ, "ಯಾರ ತಪ್ಪು?" ಎಂದು ಕೇಳಿದ. "ನಂದ," ಎಂದ ಮೌಲಾಸಾಬ. ಅವನ ತಲೆಗೂ ಅಮಾವಾಸ್ಯೆಯೇ ಗೊತ್ತಾಯಿತು.

ಮೊದಲ ಮೂರು ದಿನ ಬಂದಬಂದವರೆಲ್ಲ ಪೆಟ್ಟಿಗೆಯಲ್ಲಿ ಕೈಯಾಡಿಸಿ ಇದ್ದದ್ದನ್ನೂ ಕೆಡಿಸಿದರು. ಹಿರಿದೇವಿ ಬೇಸತ್ತು ಅದಕ್ಕೆ ಬೀಗ ಹಾಕಿದಳು. ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಕವನ್ನು ಆ ರಾಜ್ಯದಲ್ಲಿ ಯಾರೂ ಬಿಚ್ಚಿರಲಿಲ್ಲ. ಅವಳು ಅದನ್ನು ಕೂತು ಓದಿ ಒಗಟುಗಳನ್ನು ಕಟ್ಟಿದಳು.

ನಾಳೆ ಅಮಾವಾಸ್ಯೆ ಎನ್ನುವಾಗ ಒಬ್ಬ ಯುವಕ ಆಸ್ಥಾನಕ್ಕೆ ಬಂದ. ಹೆಸರು ಕೊಟ್ರ, ಮೌಲಾಸಾಬನ ಕೈಕೆಳಗೆ ತಂತಿ ಎಳೆಯುವವನು. ಹನ್ನೊಂದು ದಿನವೂ ಮನೆಯ ಮೂಲೆಯಲ್ಲಿ ಹೆದರಿ ಕೂತಿದ್ದ. ಧೈರ್ಯಶಾಲಿ ಎಂದು ನಾನು ಸುಳ್ಳು ಹೇಳಲಾರೆ.

"ಉಸ್ತಾದರ ತಲಿ ಉಳೀಬೇಕ್ರಿ. ಅದಕ್ಕ ಬಂದೀನಿ," ಎಂದ.

ದೊರೆ ಆಕಳಿಸಿದ. "ಬೇಗ ಮುಗಿಸವ್ವ, ಸಾಕಾಗೇತಿ."

ಹಿರಿದೇವಿ ಕೇಳಿದಳು: "ಇಬ್ಬರು ಎದುರುಬದುರು ಕೂತಾರ. ಇವನ ಬಾಯಿಂದ ಅವನ ಬಾಯಿಗೆ ಒಂದು ದಾರ, ಇವನ ಕಿವಿಯಿಂದ ಅವನ ಕಿವಿಗೆ ಒಂದು ದಾರ ಕಟ್ಟೇತಿ. ಇಬ್ಬರೂ ಮೂಗರು, ಇಬ್ಬರೂ ಕಿವುಡರು. ಏನು ಮಾಡಬೇಕು?"

ಇದಕ್ಕೆ ಸೋಗೆನಾಡಿನ ರಾಜಕುಮಾರ "ಇನ್ನೂ ಬಿಗಿಯಾಗಿ ಕಟ್ಟಬೇಕು" ಎಂದು ಹೇಳಿ ಸೆರೆಮನೆ ಸೇರಿದ್ದ.

"ದಾರ ಅಡ್ಡಹಾಯಿಸ್ಬೇಕ್ರಿ," ಎಂದ ಕೊಟ್ರ. "ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ. ತಂತಿನೂ ಹಂಗ. ಕಳಿಸೋದು ಕೇಳೋದಕ್ಕ ಸೇರ್ಬೇಕು."

"ಸರಿ. ಈಗ ಬಾಯಿ ಕಿವಿಗೇ ಸೇರೇತಿ, ಭಾಷೆನೂ ಒಂದೇ. ಆದರೂ ಇವನಂದದ್ದು ಅವನಿಗೆ ಬರೀ ಗದ್ದಲ. ತಪ್ಪು ಯಾರದು?"

ಆಸ್ಥಾನದ ಪಂಡಿತರು ಕೇಳುವವನದೇ ತಪ್ಪೆಂದು ಅರ್ಧ ದಿನ ವಾದಿಸಿ, ರಾಜಕುಮಾರನ ಪಕ್ಕದ ಕೋಣೆಯಲ್ಲಿದ್ದರು.

"ಯಾರ ತಪ್ಪೂ ಇಲ್ರಿ. ಒಬ್ಬ ಓಡ್ತಾನ, ಒಬ್ಬ ನಡೀತಾನ. ಮುದಿ ಎತ್ತು, ಎಳೆ ಎತ್ತು ಒಂದ ನೊಗಕ್ಕ ಕಟ್ಟಿದ್ರ ಮುದಿ ಎತ್ತಿನ ನಡಿಗಿನ ಹಿಡೀಬೇಕು. ನಮ್ಮ ಪಂಪಿನ ಮಾತಿನ ವೇಗ ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್. ಪೆಟ್ಟಿಗ್ಯಾಗ ತಂತಿ ಸಿಗಿಸೋ ಪೋರ್ಟಿಗೂ ಅಷ್ಟ ಕೊಡ್ಬೇಕು, ಒಂದು ಹೆಚ್ಚಲ್ಲ, ಕಡಿಮಿ ಅಲ್ಲ."

ದೊರೆ ಆಕಳಿಸುವುದನ್ನು ನಿಲ್ಲಿಸಿದ. ಮೂರನೆಯ ಒಗಟಿನವರೆಗೆ ಬಂದಿದ್ದವನು ಪರದೇಶದ ಎಂಜಿನಿಯರ್ ಒಬ್ಬನೇ.

"ಮೂರನೇದು. ಒಬ್ಬಾಕಿ ದಿನವಿಡೀ ಮಗುವಿಗೆ ಪಾಠ ಹೇಳಿದಳು. ಮಗು ಎಲ್ಲ ಒಪ್ಪಿಸಿತು. ಮಲಗಿ ಎದ್ದರೆ ಒಂದಕ್ಷರ ನೆನಪಿಲ್ಲ. ಪಾಠ ಸರಿ, ಮಗುನೂ ಸರಿ. ಬಿಟ್ಟುಹೋದದ್ದು ಏನು?"

ಎಂಜಿನಿಯರು "ದೇವರಿಗೆ ಕೈಮುಗಿಯುವುದು" ಎಂದಿದ್ದ. ಕೊಟ್ರ ಉತ್ತರ ಗೊತ್ತಿದ್ದೂ ಹೇಳಲು ಹೆದರಿದ.

"ಸೇವ್ ಮಾಡೋದು ಬಿಟ್ಟೈತ್ರಿ. ಹೇಳಿದ್ದೆಲ್ಲ ಪೆಟ್ಟಿಗಿ ಆ ಕ್ಷಣಕ್ಕ ಮಾಡ್ತೈತಿ. ಕೊನೀಗೆ ಸೇವ್ ಗುಂಡಿ ಒತ್ತಿದ್ರ ಮಾತ್ರ ನೆನಪಿಟ್ಕಂತೈತಿ. ಇಲ್ಲಂದ್ರ ಕರೆಂಟ್ ಹೋದ ಗಳಿಗಿಗೆ ಹೊಳ್ಯಾಗ ಹುಣಸೆಹಣ್ಣು ತೊಳದಂಗ."

"ಪುಸ್ತಕ ಓದಿದಿಯೇನು?" ಎಂದಳು ಹಿರಿದೇವಿ.

"ನನಗ ಓದಾಕ ಬರಂಗಿಲ್ರಿ. ಆ ಗುಂಡಿ ಒತ್ತದ ಬಿಟ್ಟವ ನಾನ. ಹನ್ನೆರಡು ಪೋರ್ಟಿಗೂ ಕಲಿಸೋ ಹೊತ್ತಿಗೆ ಕಣ್ಣಿಗೆ ಕತ್ತಲಿ ಕವಿದಿತ್ತು. ಉಸ್ತಾದರು ಕೊನೇ ಗುಂಡಿ ಒತ್ತಿ ಬಾ ಅಂದು ಹೋದ್ರು. ಪಂಪು ಓಡ್ತಿದ್ವಲ್ಲ, ಮುಗೀತು ಅಂದ್ಕಂಡು ಮನಿಗೆ ಹೋದೆ."

ದೊರೆ ಹಣೆ ಒತ್ತಿಕೊಂಡ. "ಉತ್ತರ ಸರಿ. ಒಂದು ಕೇಳಿಕೊ. ತಪ್ಪು ಮಾಡಿದ ನಿನ್ನ ತಲೆ ಕೇಳಿದರೂ ಕೊಡಬೇಕಾಗ್ತೈತಿ."

"ಉಸ್ತಾದರದು ಕೊಡ್ರಿ."

"ಮತ್ತೆ ನಿನ್ನದು?" ಎಂದಳು ಹಿರಿದೇವಿ.

"ಒಂದ ಅಂದ್ರಲ್ರಿ."

ಅವಳು ಬೀಗದ ಕೈ ಕೊಟ್ಟಳು. ಸಂಜೆಯವರೆಗೆ ಕೊಟ್ರ ಒಂದೊಂದೇ ಪೋರ್ಟಿಗೆ ವೇಗ ಕೊಟ್ಟ, ಪಂಪಿನ ನಂಬರು ಕೊಟ್ಟ, ಕೊನೆಗೆ ಗುಂಡಿ ಒತ್ತಿದ. ಹಿರಿದೇವಿ ತಾನೇ ಕರೆಂಟು ತೆಗೆದು, ನೂರು ಎಣಿಸಿ, ಮತ್ತೆ ಕೊಟ್ಟಳು. ಹನ್ನೆರಡೂ ಪಂಪು ಓಡಿದವು.

ನಲ್ಲಿಯ ಸದ್ದು ಕೇಳಿ ದೊರೆ ಎದ್ದುನಿಂತ. "ಎಲ್ಲರನ್ನೂ ಬಿಟ್ಟುಬಿಡ್ರಿ. ಇವನನ್ನೂ. ಪಂಪ್‌ಹೌಸ್ ಇನ್ನು ಇವನ ಕೈಯಾಗಿರಲಿ. ನಾನು ಸ್ನಾನಕ್ಕೆ ಹೋಗಬೇಕು." ಆ ಹನ್ನೊಂದು ದಿನಗಳಲ್ಲಿ ಅವನಾಡಿದ ಬುದ್ಧಿಯ ಮಾತು ಅದೊಂದೇ.

ಸೆರೆಮನೆಯ ಬಾಗಿಲಲ್ಲಿ ಕೊಟ್ರ ಮೌಲಾಸಾಬನ ಕಾಲು ಹಿಡಿದು ಅತ್ತ. "ನನ್ನ ಹೆಸರು ಯಾಕ ಹೇಳಲಿಲ್ಲ ಉಸ್ತಾದ?"

"ಹೇಳಿದ್ರ ನಿನ್ನೂ ಒಳಗ ಹಾಕ್ತಿದ್ರು. ಆಮ್ಯಾಲ ಪೆಟ್ಟಿಗಿ ಸರಿಮಾಡಾಕ ಹೊರಗ ಯಾರಿರ್ತಿದ್ರು?" ಎಂದ ಮುದುಕ. ಮತ್ತೆ, "ಹನ್ನೊಂದು ದಿನ ಹಿಡಿತೈತಿ ಅಂತ ಮಾತ್ರ ಅಂದ್ಕಂಡಿದ್ದಿಲ್ಲ ನೋಡು," ಎಂದ.

ಕೊಟ್ರ ಕಣ್ಣೊರೆಸಿಕೊಂಡು ಎದ್ದ. ಮೌಲಾಸಾಬ ಅವನ ಹೆಗಲ ಮೇಲೆ ಕೈಯೂರಿ, ನಿಂತು ನಿಂತು ಮನೆಯ ಕಡೆ ನಡೆದ.